ಮಸೀದಿಯ ನಳದ ನೀರೂ ವಕ್ಫ್ ಆಸ್ತಿಯೇ ಅಲ್ವಾ?

ಬೀದರ್ ಜಿಲ್ಲೆಯ ಮಸೀದಿ, ದರ್ಗಾ, ಈದ್ಗಾ ಕಮಿಟಿಗಳ ಮುತವಲ್ಲಿಗಳಿಗೆ ಮತ್ತು ಕರ್ನಾಟಕ ರಾಜ್ಯ ವಕ್ಫ್ ಮಂಡಳಿಯವರಿಗೆ,

ಅಸ್ಸಲಾಮು ಅಲೈಕುಂ.

ಈ ಪತ್ರ ಉರ್ದುವಿನಲ್ಲಿ ಬರೀರಿ, ಇಮಾಮ್ ಸಾಬ್‌ಗೆ ಓದೋಕೆ ಸುಲಭ ಅಂತ ಮನೆಯಲ್ಲಿ ಹೇಳಿದರು. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಕೈಗೆ ಬರುವುದೂ ಕನ್ನಡವೇ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಮ್ಮ ಮಸೀದಿಯ ಬೋರು ಎಳೆಯುವ ನೀರು ಪಕ್ಕದ ಗಲ್ಲಿಯ ಮನೆಗಳ ಬಾವಿಯ ನೀರೂ ಹೌದು. ಆ ಮನೆಯವರು ಉರ್ದು ಓದುವುದಿಲ್ಲ. ಮಾತು ಅವರಿಗೂ ಸೇರಿದ್ದು, ಅವರೂ ಓದಲಿ. ಅವರಿಗಾಗಿ ಒಂದು ಮಾತು: ವಕ್ಫ್ ಅಂದರೆ ಒಳ್ಳೆಯ ಕೆಲಸಕ್ಕೆ ಅಂತ ದೇವರ ಹೆಸರಲ್ಲಿ ಬಿಟ್ಟ ಆಸ್ತಿ, ಮುತವಲ್ಲಿ ಅಂದರೆ ಅದನ್ನು ನೋಡಿಕೊಳ್ಳುವವರು.

ಕಳೆದ ಬೇಸಿಗೆಯ ಒಂದು ದಿನ. ನಮ್ಮ ಮೊಹಲ್ಲಾದ ಮಸೀದಿ, ಹೆಸರು ಬೇಡ. ಸಂಜೆಯ ಮುಂಚಿನ ಅಸರ್ ನಮಾಜಿನ ಹೊತ್ತಿಗೆ ನಳದಲ್ಲಿ ನೀರಿನ ಬದಲು ಗಾಳಿ ಬಂತು. ಎರಡು ಸಲ ಕೆಮ್ಮಿದ ಹಾಗೆ ಸದ್ದು ಮಾಡಿ ನಿಂತೇ ಹೋಯಿತು. ಕೈ ತೊಳೆದು ಮುಖ ತೊಳೆಯದೆ ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಆಜಾನ್ ಕೂಗುವ ಮೌಜನ್ ಸಾಬ್ ಓಡಿ ಹೋಗಿ ಮೋಟಾರು ಬಂದ್ ಮಾಡಿದರು. ರಾತ್ರಿಯ ಇಶಾ ನಮಾಜ್ ಆದ ಮೇಲೆ ಕಮಿಟಿ ಕೂತಿತು. ಇಪ್ಪತ್ತೇ ನಿಮಿಷದಲ್ಲಿ ತೀರ್ಮಾನ ಆಯಿತು: ಇನ್ನೊಂದು ಬೋರ್ ಹಾಕಿಸೋಣ, ಈ ಸಲ ಇನ್ನೂ ಆಳಕ್ಕೆ. ಅಲ್ಲೇ ಚಂದಾ ಪಟ್ಟಿ ಶುರುವಾಯಿತು. ನಾನೂ ಬರೆಸಿದೆ. ಮೂಲೆಯಲ್ಲಿ ಕೂತಿದ್ದ ಒಬ್ಬ ಹಿರಿಯರು, "ಅಲ್ಲಪ್ಪಾ, ಮೊದಲಿನ ನೀರು ಎಲ್ಲಿ ಹೋಯ್ತು?" ಅಂತ ಕೇಳಿದರು. ಕೆಲವರು ನಕ್ಕರು. ಪಟ್ಟಿ ಮುಂದೆ ಹೋಯಿತು.

ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ಮರುದಿನ ಮನೆಯಲ್ಲಿ ನಳದ ಕೆಳಗೆ ಬಕೆಟ್ ಇಟ್ಟು ವಜೂ ಮಾಡಿದೆ, ಅಂದರೆ ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆಯುವುದು. ಏನೂ ನಾಟಕ ಮಾಡಲಿಲ್ಲ, ದಿನಾ ಮಸೀದಿಯಲ್ಲಿ ಹೇಗೆ ಮಾಡುತ್ತೇನೋ ಹಾಗೇ, ನಳ ಪೂರ್ತಿ ಬಿಟ್ಟು. ತೋಳಿನ ಬಟ್ಟೆ ಮಡಚುವಾಗ ನೀರು ಹರಿಯುತ್ತಿತ್ತು. ತಲೆಗೆ ಮಸಹ್ ಮಾಡುವಾಗ ಬೇಕಾಗುವುದು ಒದ್ದೆ ಕೈ ಅಷ್ಟೇ, ಆಗಲೂ ಹರಿಯುತ್ತಿತ್ತು. ಕಾಲ್ಬೆರಳ ಸಂದಿ ತಿಕ್ಕುವಾಗ, ಚಪ್ಪಲಿ ಹುಡುಕುವಾಗ, ಎಲ್ಲಾ ಹೊತ್ತೂ ಹರಿಯುತ್ತಲೇ ಇತ್ತು. ಆಮೇಲೆ ಅಡುಗೆಮನೆಯ ಲೀಟರ್ ಮಾಪಿನಿಂದ ಅಳೆದೆ. ಏಳು ಲೀಟರಿಗೆ ಸ್ವಲ್ಪ ಕಡಿಮೆ ಬಂತು.

ಪ್ರವಾದಿಯವರು (ಸ) ಒಂದು 'ಮುದ್ದ್' ನೀರಿನಲ್ಲಿ ವಜೂ ಮಾಡುತ್ತಿದ್ದರು ಅಂತ ಬುಖಾರಿ, ಮುಸ್ಲಿಂ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಮುದ್ದ್ ಅಂದರೆ ಎರಡೂ ಕೈ ಸೇರಿಸಿದ ಒಂದು ಬೊಗಸೆಯಷ್ಟು. ಈಗಿನ ಲೆಕ್ಕದಲ್ಲಿ ಮುಕ್ಕಾಲು ಲೀಟರ್ ಒಳಗೇ. ಸ್ನಾನಕ್ಕೆ ಒಂದು 'ಸಾಅ್', ಅಂದರೆ ನಾಲ್ಕು ಮುದ್ದ್, ಹೆಚ್ಚೆಂದರೆ ಐದು. ನಾನು ಒಂದು ವಜೂಗೆ ಚೆಲ್ಲಿದ ನೀರಲ್ಲಿ ಅವರು ಎರಡು ಸಲ ಸ್ನಾನ ಮಾಡುತ್ತಿದ್ದರು! ಸುನ್ನತ್, ಅಂದರೆ ಪ್ರವಾದಿಯವರ ನಡವಳಿಕೆ, ಅಂದ ಕೂಡಲೇ ಗಡ್ಡದ ಉದ್ದ, ಪೈಜಾಮಾದ ಎತ್ತರ ಅಳೆಯುತ್ತೇವೆ. ಈ ಸುನ್ನತ್ತನ್ನು ಅಳೆಯಲು ಬಕೆಟ್ ಇಟ್ಟವರು ಎಷ್ಟು ಜನ?

ಲೆಕ್ಕ ಇಷ್ಟೇ. ದಿನಕ್ಕೆ ಐದು ಹೊತ್ತು ಸೇರಿ ಒಂದು ಮಸೀದಿಯಲ್ಲಿ 500 ವಜೂ ಆಗುತ್ತದೆ ಅಂತ ಇಟ್ಟುಕೊಳ್ಳಿ. ಮನೆಯಿಂದ ವಜೂ ಮಾಡಿಕೊಂಡು ಬರುವವರೂ ಇದ್ದಾರೆ, ಅವರನ್ನು ಬಿಟ್ಟೇ ಹೇಳುತ್ತಿದ್ದೇನೆ. ಒಂದೊಂದು ವಜೂಗೆ ಐದು ಲೀಟರ್ ಉಳಿದರೂ ದಿನಕ್ಕೆ 2,500 ಲೀಟರ್ ಆಯಿತು. ಎರಡು ದಿನಕ್ಕೆ ಒಂದು ದೊಡ್ಡ ಟ್ಯಾಂಕರ್. ಬೇಸಿಗೆಯಲ್ಲಿ ಅದೇ ಟ್ಯಾಂಕರಿಗೆ ನಾವು ದುಡ್ಡು ಕೊಟ್ಟು ಕಾಯುತ್ತೇವೆ.

ಇಲ್ಲಿಗೆ ನಿಲ್ಲಿಸಿದರೆ ಇದು "ನೀರು ಉಳಿಸಿ" ಅನ್ನುವ ಗೋಡೆ ಬರಹ ಆಗುತ್ತದೆ. ಅಂಥ ಬರಹ ನಮ್ಮ ವಜೂಖಾನೆಯ ಗೋಡೆಯ ಮೇಲೂ ಇದೆ, ಕೆಳಗೇ ನಳ ಸೋರುತ್ತದೆ. ನಾನು ಹೇಳಬೇಕಾದ ಮಾತು ಬೇರೆ, ಅದು ವಕ್ಫ್ ಅನ್ನುವ ಶಬ್ದಕ್ಕೇ ಸಂಬಂಧಪಟ್ಟದ್ದು. ವಕ್ಫ್ ಅಂದರೆ ಈಗ ಜನರಿಗೆ ನೆನಪಾಗುವುದು ಕೋರ್ಟು, ನೋಟಿಸು, ಪಹಣಿ, ರಾತ್ರಿಯ ಟಿವಿ ಜಗಳ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಪ್ರವಾದಿಯವರ ಸಂಗಡಿಗ ಹಜ್ರತ್ ಉಮರ್ ಅವರಿಗೆ ಅರೇಬಿಯಾದ ಖೈಬರ್‌ನಲ್ಲಿ ಒಂದು ಜಮೀನು ಸಿಕ್ಕಿತು. ಅವರ ಕೈಗೆ ಅದಕ್ಕಿಂತ ಒಳ್ಳೆಯ ಆಸ್ತಿ ಯಾವತ್ತೂ ಬಂದಿರಲಿಲ್ಲ. ಏನು ಮಾಡಲಿ ಅಂತ ಪ್ರವಾದಿಯವರನ್ನು ಕೇಳಿದರು. ಉತ್ತರ ಎರಡೇ ಮಾತಿನದು: ಬೇರನ್ನು ಹಿಡಿದಿಡು, ಹಣ್ಣನ್ನು ಹಂಚು. ಅರಬಿಯಲ್ಲಿ ಬೇರಿಗೆ 'ಅಸ್ಲ್' ಅನ್ನುತ್ತಾರೆ. ನಾವು ಬಡ್ಡಿ-ಅಸಲು ಅನ್ನುವಾಗಿನ ಅಸಲು ಅದೇ ಶಬ್ದ. ಆ ಜಮೀನನ್ನು ಮಾರುವ ಹಾಗಿಲ್ಲ, ದಾನ ಕೊಡುವ ಹಾಗಿಲ್ಲ, ಮಕ್ಕಳಿಗೆ ಪಾಲು ಮಾಡುವ ಹಾಗಿಲ್ಲ. ಅದರಲ್ಲಿ ಬೆಳೆದದ್ದು ಬಡವರಿಗೆ, ದಾರಿಹೋಕರಿಗೆ, ಅತಿಥಿಗಳಿಗೆ. ನೋಡಿಕೊಳ್ಳುವವನು ಹಿತಮಿತವಾಗಿ ತಿನ್ನಬಹುದು, ಕೂಡಿ ಹಾಕಿಕೊಳ್ಳುವ ಹಾಗಿಲ್ಲ. ಮುತವಲ್ಲಿಗಳೇ, ನಿಮ್ಮ ಹುದ್ದೆ ಹುಟ್ಟಿದ್ದು ಈ ಕೊನೆಯ ಸಾಲಿನಲ್ಲಿ.

ಸುಸ್ಥಿರ ಅಭಿವೃದ್ಧಿ ಅಂತ ಸರ್ಕಾರಿ ಕಾಗದಗಳಲ್ಲಿ ಬರುತ್ತದಲ್ಲ, ಬಾಯಿ ತಿರುಗದ ಶಬ್ದ, ಅದರ ಅರ್ಥವೂ ಇಷ್ಟೇ ಅಂತ ನನಗೆ ಅನ್ನಿಸುತ್ತದೆ. ಅಸಲು ಮುಟ್ಟಬೇಡ, ಅದು ಕೊಡುವುದನ್ನು ತಿನ್ನು. ಇಸ್ಲಾಂ ಪರಿಸರದ ಬಗ್ಗೆ ಏನು ಹೇಳುತ್ತದೆ ಅಂತ ಕೇಳಿದಾಗ ನಾವು ತಕ್ಷಣ ಸಸಿ ನೆಡುವ ಹದೀಸ್ ಹೇಳುತ್ತೇವೆ. ಕಿಯಾಮತ್ (ಲೋಕದ ಕೊನೆ) ಬಂದರೂ ಕೈಯಲ್ಲಿರುವ ಸಸಿ ನೆಟ್ಟುಬಿಡಿ, ಅನ್ನುವುದು. ಒಳ್ಳೆಯ ಮಾತೇ. ಆದರೆ ಜೂನ್ 5ರ ಪರಿಸರ ದಿನಕ್ಕೆ ಈದ್ಗಾ ಮೈದಾನದಲ್ಲಿ ಫೋಟೋ ಹೊಡೆಸಿಕೊಂಡು ನೆಟ್ಟ ಸಸಿಗಳಿಗೆ ಜೂನ್ 6ರಂದು ನೀರು ಹಾಕಿದವರನ್ನು ನಾನು ನೋಡಿಲ್ಲ. ನಮ್ಮ ಧರ್ಮದಲ್ಲಿ ಪರಿಸರದ ಪಾಠ ಸಸಿಯಲ್ಲಿ ಇರುವುದಕ್ಕಿಂತ ಜಾಸ್ತಿ ಲೆಕ್ಕದ ಪುಸ್ತಕದಲ್ಲಿದೆ.

ಈಗ ನೆಲದ ಕೆಳಗಿನ ನೀರಿಗೆ ಬನ್ನಿ. ಅಸಲು ಯಾವುದು, ಹಣ್ಣು ಯಾವುದು? ಬೀದರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ನಮ್ಮ ಕಾಲ ಕೆಳಗೇ ಇದೆ. ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ. ತೂತು ತೂತು ಕೆಂಪು ಕಲ್ಲು. ಅದರ ಕೆಳಗೆ ಗಟ್ಟಿ ಕರಿಕಲ್ಲು. ಮಳೆ ನೀರು ಕೆಂಪು ಕಲ್ಲಿನಲ್ಲಿ ಜಿನುಗಿ ಇಳಿದು ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಆಮೇಲೆ ಗುಡ್ಡದ ಅಂಚಿನಲ್ಲಿ, ಎರಡು ಕಲ್ಲು ಕೂಡುವಲ್ಲಿ, ಝರಿಯಾಗಿ ಹೊರಗೆ ಬರುತ್ತದೆ. ನರಸಿಂಹ ಝರಣಿಯಲ್ಲಿ ಸೊಂಟದವರೆಗಿನ ನೀರಲ್ಲಿ ನಡೆದು ಹೋಗಿ ದೇವರನ್ನು ನೋಡುತ್ತಾರಲ್ಲ, ಅದು ಈ ನೀರು. ಗುರುನಾನಕ್ ಝೀರಾದಲ್ಲಿ ಸಿಖ್ಖರು ಬಾಟಲಿಯಲ್ಲಿ ತುಂಬಿಕೊಂಡು ಹೋಗುವುದು ಈ ನೀರು. ನಮ್ಮ ಹಳೆಯ ಮಸೀದಿಗಳ ಹೌದಗಳಿಗೆ (ವಜೂ ಮಾಡುವ ಕೊಳಗಳಿಗೆ) ಬರುತ್ತಿದ್ದದ್ದೂ ಈ ನೀರೇ. ಕೆಂಪು ಕಲ್ಲು ನೀವು ಯಾವ ಧರ್ಮದವರು ಅಂತ ಕೇಳಿ ನೀರು ಕೊಡುವುದಿಲ್ಲ.

ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದದ್ದು 15ನೇ ಶತಮಾನದಲ್ಲಿ. ಎತ್ತರದ ಊರು, ಪಕ್ಕದಲ್ಲಿ ದೊಡ್ಡ ಹೊಳೆ ಇಲ್ಲ, ಮಾಂಜ್ರಾ ದೂರ. ಇರಾನಿನಿಂದ ಬಂದವರ ತಿಳಿವಳಿಕೆಯಿಂದ ಕರೇಜ್ ಕಟ್ಟಿದರು. ಸುರಂಗ ಬಾವಿ ಅಂತ ನಾವು ಕರೆಯುವುದು. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದ ಇದೆ. ನಡುನಡುವೆ 21 ಬಾವಿಗಿಂಡಿಗಳು. ಎತ್ತರದಲ್ಲಿ ಒಂದು ತಾಯಿ ಬಾವಿ, ಅಲ್ಲಿಂದ ಸ್ವಲ್ಪವೇ ಇಳಿಜಾರಾಗಿ ಕಲ್ಲು ಕೊರೆದ ಸುರಂಗ. ನೀರು ತಾನೇ ಹರಿದು ಬರುತ್ತದೆ. ಮೋಟಾರಿಲ್ಲ, ಎತ್ತಿಲ್ಲ, ಏತವಿಲ್ಲ.

ಒಂದು ಸಲ ಗಿಂಡಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿ. ಬೇಸಿಗೆಯ ಮಧ್ಯಾಹ್ನದಲ್ಲೂ ಮುಖಕ್ಕೆ ತಣ್ಣನೆಯ ಗಾಳಿ ಬಡಿಯುತ್ತದೆ. ಗೋಡೆಯ ಮೇಲೆ ಉಳಿಯ ಏಟುಗಳ ಗುರುತು ಇದೆ, ಅಷ್ಟು ಜನ ಅಷ್ಟು ದಿನ ಕೂತು ಕೊರೆದದ್ದು. ನನಗೆ ಅಲ್ಲಿ ಹೊಳೆದದ್ದು ಒಂದೇ. ಈ ಸುರಂಗಕ್ಕೆ ದುರಾಸೆ ಮಾಡಲು ಬರುವುದಿಲ್ಲ. ಸುರಂಗ ಇರುವ ಮಟ್ಟಕ್ಕಿಂತ ಕೆಳಗಿನ ನೀರನ್ನು ಅದು ಮುಟ್ಟಲಾರದು. ಮಳೆ ಜಾಸ್ತಿ ಆದ ವರ್ಷ ಜಾಸ್ತಿ ಹರಿಯುತ್ತದೆ, ಬರ ಬಂದ ವರ್ಷ ಸಣ್ಣಗಾಗುತ್ತದೆ. ಊರಿಗೆ ಆ ವರ್ಷ ಎಷ್ಟು ಸಿಕ್ಕಿತು ಅಂತ ಎಲ್ಲರಿಗೂ ಕಣ್ಣಿಗೆ ಕಾಣುತ್ತದೆ. ಅಂದರೆ ಕರೇಜ್ ಹಣ್ಣನ್ನು ಮಾತ್ರ ಕೊಡುತ್ತದೆ. ಬೋರ್‌ವೆಲ್ ಹಾಗಲ್ಲ. ಕೆಂಪು ಕಲ್ಲು ಒಣಗಿದರೆ ಕರಿಕಲ್ಲನ್ನು ಸೀಳಿ ಇಳಿಯುತ್ತದೆ. 300 ಅಡಿ, 500 ಅಡಿ, 700 ಅಡಿ. ಅಲ್ಲಿ ಬಿರುಕಿನಲ್ಲಿ ಕೂತ ನೀರು ಯಾವ ಕಾಲದ್ದೋ. ಅದನ್ನು ಎಳೆದಾಗ ನಾವು ಬೇರು ತಿನ್ನುತ್ತಿದ್ದೇವೆ.

ಬಹಮನಿಯವರನ್ನು ನಾನು ಔಲಿಯಾ (ಸಂತರು) ಮಾಡುತ್ತಿಲ್ಲ. ಯುದ್ಧ, ಲೂಟಿ, ಒಳಜಗಳ ಎಲ್ಲಾ ಮಾಡಿದವರೇ. ಮದರಸಾ ಕಟ್ಟಿದ ಮಹಮೂದ್ ಗವಾನನಂಥ ದಿವಾನನ ತಲೆಯನ್ನು 1481ರಲ್ಲಿ ಒಂದು ಖೋಟಾ ಪತ್ರ ನಂಬಿ ತೆಗೆಸಿದವರು. ಆದರೆ ನೀರಿನ ಲೆಕ್ಕದಲ್ಲಿ ನಮಗಿಂತ ಜಾಣರಿದ್ದರು. ಆ ಕರೇಜಿನಲ್ಲಿ ನಮ್ಮ ಕಾಲಕ್ಕೆ ಹೂಳು ತುಂಬಿತ್ತು. ಕೆಲವು ವರ್ಷಗಳ ಹಿಂದೆ ಸ್ವಚ್ಛ ಮಾಡುವ ಕೆಲಸ ನಡೆಯಿತು. 2020ರಲ್ಲಿ ದಖ್ಖನಿನ ಹಳೆಯ ನೀರಿನ ವ್ಯವಸ್ಥೆಗಳು ನ್ಯೂಯಾರ್ಕಿನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯ ಕಾಪಾಡಬೇಕಾದ ಹಳೆಯ ತಾಣಗಳ ಪಟ್ಟಿಯಲ್ಲಿ ಸೇರಿದವು. ನ್ಯೂಯಾರ್ಕಿನವರಿಗೆ ಕಂಡದ್ದು ನಮ್ಮ ಕಮಿಟಿಗಳ ಮೀಟಿಂಗಿನಲ್ಲಿ ಇನ್ನೂ ಒಂದು ಸಲವೂ ಬಂದಿಲ್ಲ.

ಫಿಕ್‌ಹ್‌ನಲ್ಲಿ, ಅಂದರೆ ನಮ್ಮ ಧರ್ಮಶಾಸ್ತ್ರದಲ್ಲಿ, 'ಹರೀಮ್' ಅಂತ ಒಂದು ಕಾನೂನಿದೆ. ಬಾವಿ ತೋಡಿದವನಿಗೆ ಅದರ ಸುತ್ತ 40 ಮೊಳ ಜಾಗ, ಅಲ್ಲಿ ಬೇರೆಯವರು ಬಾವಿ ತೋಡುವ ಹಾಗಿಲ್ಲ. ಝರಿಗೆ ಹನಫಿ ಪಂಥದ ಗ್ರಂಥಗಳು 500 ಮೊಳ ಬಿಡುತ್ತವೆ. ಯಾಕೆ? ಒಬ್ಬನ ಬಾವಿ ಇನ್ನೊಬ್ಬನ ಬಾವಿಯ ನೀರು ಕುಡಿಯುತ್ತದೆ ಅಂತ ಅವತ್ತೇ ಗೊತ್ತಿತ್ತು. ನಮ್ಮ ರಾಜ್ಯದ ಅಂತರ್ಜಲ ಕಾಯ್ದೆ ಬಂದದ್ದು 2011ರಲ್ಲಿ. ಅದಕ್ಕಿಂತ ಸಾವಿರ ವರ್ಷ ಹಿಂದಿನ ಈ ಮಾತನ್ನು ನಮ್ಮ ಮೌಲಾನಾಗಳು ಓದಿಯೇ ಪಾಸಾಗಿರುತ್ತಾರೆ. ಶುಕ್ರವಾರದ ಜುಮ್ಮಾ ಬಯಾನಿನಲ್ಲಿ (ಪ್ರವಚನದಲ್ಲಿ) ಮಾತ್ರ ಬರುವುದಿಲ್ಲ.

ಇನ್ನು ಮನಸ್ಸಿಗೆ ನೋವಾದ ವಿಷಯ. ಇದೇ ಜಿಲ್ಲೆಯಲ್ಲಿ ಒಂದು ವಕ್ಫ್ ಜಾಗ. ಎಲ್ಲಿ ಅಂತ ಹೇಳುವುದಿಲ್ಲ, ಯಾರನ್ನೂ ಬೈಯಲು ಕೂತಿಲ್ಲ. ಅಲ್ಲಿ ಒಂದು ಒಳ್ಳೆಯ ಬೋರ್ ಇದೆ. ಬೇಸಿಗೆಯಲ್ಲಿ ಬೆಳಗಿನ ಜಾವದಿಂದ ಟ್ಯಾಂಕರುಗಳು ಸಾಲಾಗಿ ನಿಲ್ಲುತ್ತವೆ. ಪೈಪು ಹಾಕುತ್ತಾರೆ, ತುಂಬುತ್ತಾರೆ, ಹೋಗುತ್ತಾರೆ. ತಿಂಗಳಿಗೆ ಇಷ್ಟು ಅಂತ ಬಾಡಿಗೆ ಕಮಿಟಿಗೆ ಬರುತ್ತದೆ, ರಸೀದಿಯೂ ಇದೆ. ಎಲ್ಲಾ ಕಾನೂನುಬದ್ಧ. ಕಮಿಟಿಯವರು ಖುಷಿಯಾಗಿ, "ಆಮದನಿ ಶುರುವಾಯ್ತು ನೋಡಿ" ಅಂದರು. ನಾನು ಟ್ಯಾಂಕರ್ ಎಣಿಸುತ್ತಾ ನಿಂತಿದ್ದೆ. ಎರಡು ಮನೆ ಆಚೆ ಕೈಪಂಪಿನ ಹತ್ತಿರ ಒಬ್ಬ ತಾಯಿ ಹಿಡಿಕೆ ಒತ್ತುತ್ತಾ ಇದ್ದರು. ಹದಿನೈದು ಸಲ ಒತ್ತಿದರೆ ಒಂದು ತಂಬಿಗೆ ನೀರು ಬರುತ್ತಿತ್ತು.

1995ರ ವಕ್ಫ್ ಕಾಯ್ದೆ ಪ್ರಕಾರ ವಕ್ಫ್ ಆಸ್ತಿಯನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಅಡ ಇಡುವಂತಿಲ್ಲ. ಒಂದು ಗುಂಟೆ ಆಚೆ ಈಚೆ ಆದರೆ ನಾವು ಬೀದಿಗೆ ಇಳಿಯುತ್ತೇವೆ. ಸರಿ, ಇಳಿಯಬೇಕು. ಆದರೆ ಆ ಗುಂಟೆಯ ಕೆಳಗಿನ ನೀರನ್ನು ಲೀಟರ್ ಲೆಕ್ಕದಲ್ಲಿ ಮಾರಿದರೆ? ಮೇಲಿನ ಮಣ್ಣು ವಕ್ಫ್, ಕೆಳಗಿನ ನೀರು ಅಂಗಡಿ ಮಾಲಾ? ಹೆಚ್ಚುವರಿ ನೀರನ್ನು ಮಾರುವುದನ್ನು ಪ್ರವಾದಿಯವರು ತಡೆದರು ಅಂತ ಸಹೀಹ್ ಮುಸ್ಲಿಂನಲ್ಲಿದೆ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಮುಸ್ಲಿಮರೆಲ್ಲರೂ ಪಾಲುದಾರರು ಅಂತ ಅಬೂ ದಾವೂದಿನಲ್ಲಿದೆ. ಹೊತ್ತು ತಂದವನು ತನ್ನ ದುಡಿಮೆಗೆ, ಡೀಸೆಲಿಗೆ ದುಡ್ಡು ತಗೊಳ್ಳಬಹುದು ಅಂತ ಉಲಮಾ (ಧರ್ಮ ಪಂಡಿತರು) ಹೇಳುತ್ತಾರೆ, ಅದು ನ್ಯಾಯವೇ. ಟ್ಯಾಂಕರ್ ಹುಡುಗನ ಹೊಟ್ಟೆಯ ಮೇಲೆ ಹೊಡೆಯುವುದು ನನ್ನ ಉದ್ದೇಶ ಅಲ್ಲ. ಅವನು ಬಾಡಿಗೆ ಕೊಡುತ್ತಿರುವುದು ನೀರಿಗೆ. ಆ ನೀರು ಯಾರದ್ದು ಅನ್ನುವುದೇ ನನ್ನ ಪ್ರಶ್ನೆ. ಮದೀನಾದಲ್ಲಿ ರೂಮಾ ಬಾವಿಯ ನೀರು ದುಡ್ಡಿಗೆ ಸಿಗುತ್ತಿತ್ತು. ಪ್ರವಾದಿಯವರ ಇನ್ನೊಬ್ಬ ಸಂಗಡಿಗ ಹಜ್ರತ್ ಉಸ್ಮಾನ್ ಬಾವಿಯನ್ನೇ ಕೊಂಡು ಎಲ್ಲರಿಗೂ ಬಿಟ್ಟರು. ನಾವು ಎಲ್ಲರಿಗೂ ಬಿಟ್ಟಿದ್ದ ಬಾವಿಯನ್ನು ದುಡ್ಡಿಗೆ ಇಟ್ಟಿದ್ದೇವೆ.

ವಜೂ ನೀರಿನ ವಿಷಯದಲ್ಲೂ ಫಿಕ್‌ಹ್ ಎಷ್ಟು ಸೂಕ್ಷ್ಮ ಅಂದರೆ ನನಗೇ ಆಶ್ಚರ್ಯ ಆಯಿತು. ಸ್ವಂತ ನೀರನ್ನು ವಜೂಗೆ ದುಂದು ಮಾಡುವುದು ಮಕ್ರೂಹ್, ಅಂದರೆ ಧರ್ಮ ಮೆಚ್ಚದ ಕೆಲಸ. ವಜೂಗೆ ಅಂತ ವಕ್ಫ್ ಮಾಡಿದ ನೀರನ್ನು, ಮದರಸಾದ ನೀರೂ ಸೇರಿ, ದುಂದು ಮಾಡುವುದು ಹರಾಮ್. ಹನಫಿ ಗ್ರಂಥಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ಕಾರಣ ಸರಳ. ಸ್ವಂತದ್ದು ಚೆಲ್ಲಿದರೆ ತಪ್ಪು, ಇನ್ನೊಬ್ಬರದ್ದು ಚೆಲ್ಲಿದರೆ ಅದು ಖಿಯಾನತ್, ನಂಬಿಕೆದ್ರೋಹ. ಹಾಗಾದರೆ ನನ್ನ ಮನೆಯ ನಳದಲ್ಲಿ ಏಳು ಲೀಟರ್ ಬಿಟ್ಟದ್ದು ಒಂದು ತಪ್ಪು. ಮಸೀದಿಯ ನಳದಲ್ಲಿ ಬಿಟ್ಟದ್ದು ಅದಕ್ಕಿಂತ ದೊಡ್ಡದು. ಇಷ್ಟು ವರ್ಷ ಮಸೀದಿಯದ್ದೇ ತಾನೇ ಅಂತ ಜಾಸ್ತಿ ಬಿಟ್ಟಿದ್ದೆ.

ಇನ್ನೊಂದು ಮಾತು. ವಜೂ ಮಾಡಿ ಬಿದ್ದ ನೀರಿನಿಂದ ಮತ್ತೆ ವಜೂ ಆಗುವುದಿಲ್ಲ. ಆದರೆ ಆ ನೀರು ನಾಪಾಕ್ (ಮೈಲಿಗೆ) ಅಲ್ಲ. ಸೋಪಿಲ್ಲ, ಎಣ್ಣೆಯಿಲ್ಲ. ಗಿಡಕ್ಕೆ ಬಿಡಬಹುದು, ಇಂಗುಗುಂಡಿಗೆ ಬಿಡಬಹುದು, ಧರ್ಮದ ನಿಯಮದಲ್ಲಿ ಯಾವ ತಕರಾರೂ ಇಲ್ಲ. ಈಗ ಅದು ಎಲ್ಲಿಗೆ ಹೋಗುತ್ತಿದೆ? ಹೆಚ್ಚಿನ ಮಸೀದಿಗಳಲ್ಲಿ ಸೀದಾ ಗಟಾರಿಗೆ, ಪಾಯಖಾನೆಯ ನೀರಿನ ಜೊತೆ. ಹಳೆಯ ಹೌದ ಇದ್ದಾಗ ಕಟ್ಟೆಯ ಮೇಲೆ ಕೂತು ಅಂಗೈಯಲ್ಲಿ ಮೊಗೆಯುತ್ತಿದ್ದೆವು. ಎಷ್ಟು ಬೇಕೋ ಅಷ್ಟೇ ಮೇಲೆ ಬರುತ್ತಿತ್ತು, ಬಿದ್ದದ್ದು ಕಾಲ ಕೆಳಗಿನ ಕಾಲುವೆಯಲ್ಲಿ ಹರಿದು ಗಿಡಕ್ಕೆ ಹೋಗುತ್ತಿತ್ತು. ಕಾರ್ ಪಾರ್ಕಿಂಗಿಗೋ ಹೊಸ ಮಹಡಿಗೋ ಹೌದ ಮುಚ್ಚಿಸಿ ನಳ ಹಾಕಿಸಿದ ಮೇಲೆ ಈ ಕತೆ ಮುಗಿಯಿತು. ಎಲ್ಲಾ ಕಡೆ ಮತ್ತೆ ಹೌದ ತೋಡಿ ಅನ್ನುತ್ತಿಲ್ಲ, ಜಾಗ ಎಲ್ಲಿದೆ? ಇರುವ ಹೌದವನ್ನಾದರೂ ಮುಚ್ಚಬೇಡಿ.

ಹೊಲದ ಮಾತೂ ಒಂದಿಷ್ಟು ಇದೆ, ಯಾಕೆಂದರೆ ನಮ್ಮಲ್ಲಿ ವಕ್ಫ್ ಅಂದರೆ ಹೊಲಗಳೂ ಹೌದು. ಬೆಳೆಯ ಜಕಾತಿಗೆ, ಅಂದರೆ ಕಡ್ಡಾಯ ದಾನಕ್ಕೆ, ಉಶ್ರ್ ಅನ್ನುತ್ತಾರೆ. ಮಳೆಯಲ್ಲಿ ಬೆಳೆದದ್ದಕ್ಕೆ ಹತ್ತರಲ್ಲಿ ಒಂದು ಪಾಲು. ನೀರು ಎತ್ತಿ ಹಾಕಿ ಬೆಳೆದದ್ದಕ್ಕೆ ಅದರ ಅರ್ಧ, ಇಪ್ಪತ್ತರಲ್ಲಿ ಒಂದು. ಎತ್ತುವುದರಲ್ಲಿ ಬೆವರಿದೆ, ಖರ್ಚಿದೆ, ಅದಕ್ಕೆ ರಿಯಾಯಿತಿ. ಆದರೆ ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಫ್ರೀ. ರಾತ್ರಿ ಕರೆಂಟ್ ಬಂದಾಗ ಆಟೋ ಸ್ಟಾರ್ಟರ್ ತಾನೇ ಚಾಲೂ ಆಗುತ್ತದೆ, ರೈತ ಹಾಸಿಗೆಯಲ್ಲಿ ಇರುತ್ತಾನೆ, ಕಬ್ಬಿನ ಗದ್ದೆ ತುಂಬಿ ಹರಿಯುತ್ತದೆ. ಬೆವರಿಲ್ಲದೆ ಎತ್ತಿದ ನೀರಿಗೆ ಇಪ್ಪತ್ತರಲ್ಲಿ ಒಂದೇ ಕೊಡಬೇಕಾ? ಇದನ್ನು ತೀರ್ಮಾನಿಸುವವನು ನಾನಲ್ಲ, ಉಲಮಾ ಇದ್ದಾರೆ. ಆದರೆ ನೀರು ಎಲ್ಲಿಂದ ಬಂತು ಅಂತ ನೋಡಿ ತೆರಿಗೆ ಹಾಕಿದ ಧರ್ಮ ನಮ್ಮದು. ವಕ್ಫ್ ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಕೊಡುವಾಗ ಏನು ಬೆಳೆಯುತ್ತೀಯಪ್ಪಾ, ನೀರು ಎಲ್ಲಿಂದ ತರುತ್ತೀ ಅಂತ ನಾವು ಒಂದು ಮಾತೂ ಕೇಳುವುದಿಲ್ಲ. ತೊಗರಿ, ಹೆಸರು, ಜೋಳ ಬೆಳೆಯುವ ನೆಲದಲ್ಲಿ ಬೋರ್ ಹಾಕಿಸಿ ಕಬ್ಬು ಹಾಕುತ್ತಾನೆ, ನಾವು ಗುತ್ತಿಗೆ ದುಡ್ಡು ಎಣಿಸಿಕೊಳ್ಳುತ್ತೇವೆ. ಬೋರ್ ಫೇಲಾದರೆ ಅವನ ತಲೆ ಮೇಲೆ ಸಾಲ, ಬಡ್ಡಿ ಸಾಲ. ಬಡ್ಡಿ ಹರಾಮ್ ಅಂತ ಬಯಾನ್ ಕೊಟ್ಟ ಮಸೀದಿಯ ಜಮೀನೇ ಅವನನ್ನು ಬಡ್ಡಿಗೆ ದೂಡಿತು.

ಹಲಾಲ್ ಅನ್ನುವ ಶಬ್ದದ ಬಗ್ಗೆ ನಾವು ಸ್ವಲ್ಪ ಎಚ್ಚರ ಆಗಬೇಕು. 2019ರಲ್ಲಿ ಬೆಂಗಳೂರಿನಲ್ಲಿ ಹಲಾಲ್ ಹೂಡಿಕೆ ಅನ್ನುವ ಹೆಸರಲ್ಲಿ ಸಾವಿರಾರು ಕುಟುಂಬಗಳ ದುಡ್ಡು ಮುಳುಗಿತು. ಮಗಳ ಮದುವೆಗೆ ಇಟ್ಟಿದ್ದು, ಹಜ್‌ಗೆ ಇಟ್ಟಿದ್ದು, ವಿಧವೆಯರ ಒಡವೆ. ತಿಂಗಳು ತಿಂಗಳು 'ಲಾಭ' ಬರುತ್ತಿತ್ತು. ಬರುತ್ತಿದ್ದದ್ದು ಲಾಭ ಅಲ್ಲ, ಅವರದ್ದೇ ಅಸಲು, ಇಲ್ಲವೇ ಪಕ್ಕದವರ ಅಸಲು. ಬೇರನ್ನೇ ಕತ್ತರಿಸಿ ಹಣ್ಣು ಅಂತ ತಟ್ಟೆಗೆ ಹಾಕಿದರು. ಬೋರ್ ನೀರಲ್ಲಿ ನಾವು ಮಾಡುತ್ತಿರುವುದಕ್ಕೂ ಅದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಅಲ್ಲಿ ಮೋಸ ಹೋದವರು ಕಂಪನಿಯ ಬಾಗಿಲಿಗೆ ಹೋಗಿ ಅತ್ತರು. ಇಲ್ಲಿ ಮೋಸ ಹೋಗುವವರು ಇನ್ನೂ ಹುಟ್ಟಿಲ್ಲ.

ಹೊರಗಿನ ದೇಶಗಳಲ್ಲಿ ದೊಡ್ಡ ದೊಡ್ಡ ಕೆಲಸ ನಡೆದಿದೆ, ಇಲ್ಲ ಅನ್ನುವುದಿಲ್ಲ. ಇಂಡೋನೇಷ್ಯಾ ಸರ್ಕಾರ 2018ರಲ್ಲಿ 125 ಕೋಟಿ ಡಾಲರಿನ ಹಸಿರು ಸುಕೂಕ್ ಬಿಟ್ಟಿತು. ಬಡ್ಡಿ ಇಲ್ಲದ ಬಾಂಡ್ ಇದ್ದ ಹಾಗೆ, ಆ ದುಡ್ಡು ಪರಿಸರದ ಕೆಲಸಕ್ಕೆ ಮಾತ್ರ. ಜಕಾರ್ತಾದ ಇಸ್ತಿಕ್ಲಾಲ್ ಮಸೀದಿಯ ಚಾವಣಿ ಮೇಲೆ ಸೋಲಾರ್ ಇದೆ. 2015ರಲ್ಲಿ ಇಸ್ತಾಂಬುಲ್‌ನಲ್ಲಿ ಹವಾಮಾನದ ಬಗ್ಗೆ ಇಸ್ಲಾಮಿಕ್ ಘೋಷಣೆ ಹೊರಬಂತು. ಓದಿ ಖುಷಿಪಟ್ಟೆ. ಆದರೆ ಎಣ್ಣೆ ಮಾರಿದ ದುಡ್ಡಿನಲ್ಲಿ ಹಸಿರು ಬಾಂಡ್ ಕೊಳ್ಳುವ ಶೇಖ್‌ಗಳ ವಿಷಯ ಬಂದಾಗ ನನಗೆ ಸ್ವಲ್ಪ ನಗು ಬರುತ್ತದೆ, ಕ್ಷಮಿಸಿ. ನಮ್ಮ ಬ್ಯಾಂಕುಗಳಲ್ಲಿ ಬಡ್ಡಿರಹಿತ ವ್ಯವಹಾರಕ್ಕೆ ದಾರಿಯೇ ಇಲ್ಲ, ಆ ಪ್ರಸ್ತಾಪವನ್ನು ರಿಸರ್ವ್ ಬ್ಯಾಂಕ್ 2017ರಲ್ಲಿ ಕೈಬಿಟ್ಟಿತು. ಅದಕ್ಕೆ ಕಾಯುತ್ತಾ ಕೂರಬೇಕಾಗಿಲ್ಲ. ನಮ್ಮ ಕೈಯಲ್ಲಿ ಇರುವುದು ಮಸೀದಿಯ ಚಾವಣಿ, ಹಳೆಯ ಬಾವಿ, ಖಬರಸ್ತಾನದ ಬೇವಿನ ಮರ, ಈದ್ಗಾ ಮೈದಾನ, ಒಂದಿಷ್ಟು ಹೊಲ. ಇಷ್ಟು ಸಾಕು.

ಚಾವಣಿಯನ್ನೇ ತಗೊಳ್ಳಿ. ಬೀದರಿನಲ್ಲಿ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. 200 ಚದರ ಮೀಟರ್ ಚಾವಣಿಯ ಮಸೀದಿಯ ಮೇಲೆ ವರ್ಷಕ್ಕೆ 1,70,000 ಲೀಟರ್ ಬೀಳುತ್ತದೆ. ಆವಿಯಾಗಿ, ಸೋರಿ, ಹಾಳಾಗಿ ಹೋದರೂ ಒಂದು ಲಕ್ಷ ಲೀಟರ್ ಮುಚ್ಚಿದ ಹಳೆಯ ಬಾವಿಗೆ ಇಳಿಸಬಹುದು. ಕೆಂಪು ಕಲ್ಲಿನ ಊರು ನಮ್ಮದು, ಇಂಗುತ್ತದೆ. ಹೊಸ ಬೋರಿಗೆ ಆದ ಚಂದಾದ ಕಾಲು ಭಾಗವೂ ಇದಕ್ಕೆ ಬೇಕಾಗಿರಲಿಲ್ಲ. ನಮ್ಮ ಕಮಿಟಿಗೆ ಈ ಲೆಕ್ಕ ಕೊಟ್ಟಾಗ, "ಅದೆಲ್ಲಾ ಆಮೇಲೆ ನೋಡೋಣ ಭಾಯ್, ಮೊದಲು ರಂಜಾನ್ ಮುಗೀಲಿ" ಅಂದರು. ರಂಜಾನ್ ಮುಗಿಯಿತು. ಇಫ್ತಾರಿನ ಥರ್ಮಾಕೋಲ್ ತಟ್ಟೆಗಳು ಮಸೀದಿಯ ಹಿಂದೆ ಈಗಲೂ ಬಿದ್ದಿವೆ.

ಆದ್ದರಿಂದ ಮುತವಲ್ಲಿಗಳಿಗೆ ನನ್ನ ವಿನಂತಿ ಸಣ್ಣದು. ವರ್ಷಕ್ಕೊಮ್ಮೆ ಜುಮ್ಮಾ ಆದ ಮೇಲೆ ಜಮಾಖರ್ಚು ಓದುತ್ತೀರಿ. ಚಂದಾ ಇಷ್ಟು, ಅಂಗಡಿ ಬಾಡಿಗೆ ಇಷ್ಟು, ಕರೆಂಟ್ ಬಿಲ್ಲು ಇಷ್ಟು, ಬಣ್ಣಕ್ಕೆ ಇಷ್ಟು. ಅದೇ ಪುಸ್ತಕದಲ್ಲಿ ಇನ್ನೊಂದು ಪುಟ ತೆಗೆಯಿರಿ. ಬೋರಿನಿಂದ ಈ ವರ್ಷ ಎತ್ತಿದ ನೀರು ಇಷ್ಟು, ಚಾವಣಿಯಿಂದ ನೆಲಕ್ಕೆ ಇಳಿಸಿದ್ದು ಇಷ್ಟು. ಎರಡು ಮೀಟರ್ ಸಾಕು. ಎತ್ತಿದ್ದು ಜಾಸ್ತಿ, ಇಳಿಸಿದ್ದು ಕಮ್ಮಿ ಆದರೆ ಅದನ್ನೂ ಮೈಕಿನಲ್ಲಿ ಓದಿ. ಎರಡು ರೂಪಾಯಿ ಲೆಕ್ಕ ತಪ್ಪಿದರೆ ಎದ್ದು ನಿಲ್ಲುವ ನಮ್ಮ ಜಮಾತಿನವರು ಇದಕ್ಕೂ ಎದ್ದು ನಿಲ್ಲುತ್ತಾರಾ ನೋಡೋಣ. ನಳಗಳಿಗೆ ತಾನೇ ಮುಚ್ಚಿಕೊಳ್ಳುವ ಒತ್ತು ತಿರುಪು ಹಾಕಿಸಿ. ಬೇಡ ಅಂದರೆ ನಾಲ್ಕು ಲೋಟಾ ತಂದಿಡಿ, ಅಜ್ಜಂದಿರು ಲೋಟಾದಲ್ಲೇ ಮಾಡುತ್ತಿದ್ದರು, ಅವರ ನಮಾಜು ಏನೂ ಕೆಟ್ಟಿರಲಿಲ್ಲ.

ಮಂಡಳಿಯವರಿಗೆ ಸ್ವಲ್ಪ ದೊಡ್ಡದು. ಮುತವಲ್ಲಿಗಳಿಂದ ವರ್ಷ ವರ್ಷ ಲೆಕ್ಕಪತ್ರ ತರಿಸಿಕೊಳ್ಳುವ ಅಧಿಕಾರ ನಿಮಗಿದೆ. ಆ ನಮೂನೆಯಲ್ಲಿ ನೀರಿನ ಒಂದು ಕಾಲಂ ಸೇರಿಸಿ. ವಕ್ಫ್ ಆಸ್ತಿಗಳ ವಿವರ ಬರೆಯುವಾಗ ಎಕರೆ, ಗುಂಟೆ, ಚಕ್ಕುಬಂದಿ ಬರೆಯುತ್ತೀರಿ. ಅಲ್ಲಿರುವ ಬಾವಿ, ಹೌದ, ಕೆರೆ, ಝರಿಯನ್ನೂ ಬರೆಯಿರಿ, ಮುಚ್ಚಿಹೋಗಿದ್ದರೆ ಮುಚ್ಚಿಹೋಗಿದೆ ಅಂತ ಬರೆಯಿರಿ. ಹೊಲ ಲಾವಣಿಗೆ ಕೊಡುವ ಕರಾರಿನಲ್ಲಿ ಹೊಸ ಬೋರ್ ಹಾಕಬಾರದು, ನೀರು ಮಾರಬಾರದು ಅನ್ನುವ ಎರಡು ಸಾಲು ಸೇರಿಸಿ. ಗುತ್ತಿಗೆ ದುಡ್ಡು ಕಮ್ಮಿ ಆಗಬಹುದು. ಆಗಲಿ. ಹಣ್ಣು ಕಮ್ಮಿ ಬಂದ ವರ್ಷ ಕಮ್ಮಿ ಹಂಚುವುದೇ ವಕ್ಫ್.

ನಮ್ಮ ಮಸೀದಿಯ ಹೊಸ ಬೋರಿನ ವಿಷಯ ಹೇಳುವುದು ಮರೆತೆ. 640 ಅಡಿಗೆ ನೀರು ಸಿಕ್ಕಿತು. ಮಿಠಾಯಿ ಹಂಚಿದರು, ನಾನೂ ತಿಂದೆ. ಅದಾದ ಹದಿನೈದು ದಿನಕ್ಕೆ ಹಿಂದಿನ ಗಲ್ಲಿಯ ಎರಡು ಮನೆಗಳ ಬಾವಿ ಒಣಗಿತು. ನಮ್ಮ ಬೋರಿಂದಲೇ ಅಂತ ಹೇಳಲು ನನ್ನ ಹತ್ತಿರ ಸಾಕ್ಷಿ ಇಲ್ಲ, ಆ ಮನೆಯವರೂ ಹಾಗೆ ಹೇಳಲಿಲ್ಲ. ಮಸೀದಿಯ ಹೊರಗಿನ ನಳಕ್ಕೆ ಕೊಡ ಹಿಡಿದುಕೊಂಡು ಬರುತ್ತಾರೆ, ಮೌಜನ್ ಸಾಬ್ ತುಂಬಿಸಿ ಕೊಡುತ್ತಾರೆ. ಅವರು "ನಿಮ್ಮ ದೇವರು ದೊಡ್ಡವನು" ಅಂತ ಹೇಳಿ ಹೋಗುತ್ತಾರೆ. ಆ ಮಾತು ಕೇಳಿದಾಗ ನಾನು ತಲೆ ತಗ್ಗಿಸುತ್ತೇನೆ.

ಬರುವ ಜುಮ್ಮಾಗೆ ನಾನು ಒಂದು ನೀರಿನ ಮೀಟರ್ ತರುತ್ತಿದ್ದೇನೆ, ನನ್ನ ಖರ್ಚಿನಲ್ಲೇ. ಪ್ಲಂಬರ್ ಹುಡುಗನಿಗೂ ಹೇಳಿದ್ದೇನೆ. ಟಾಂಕಿಗೆ ಹೋಗುವ ಪೈಪಿಗೆ ಕೂರಿಸಲು ಅರ್ಧ ಗಂಟೆ ಬೇಕಂತೆ. ಮೋಟಾರ್ ರೂಮಿನ ಬೀಗದ ಕೈ ಮಾತ್ರ ಯಾರ ಹತ್ತಿರ ಇದೆ ಅಂತ ತಿಳಿಸಿ.

ವಸ್ಸಲಾಂ.

ನಿಮ್ಮ ಮೊಹಲ್ಲಾದ ಒಬ್ಬ ನಮಾಜಿ,
ಬೀದರ್